ಮಂಗಳೂರಿನಲ್ಲಿ ವೈದ್ಯವೃತ್ತಿ: ಕ್ಲಿನಿಕ್ ತೆರೆಯುವ ಮುನ್ನ

ಘಟ್ಟ ಇಳಿದು ಬಂದು ಮಂಗಳೂರಿನಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದು ನನಗೆ 11 ವರ್ಷಗಳಾದವು. ಈ ಊರಿನಲ್ಲಿ ನೆಲೆಯೂರಬಹುದೇ ಎಂದು ಕಿರಿಯ ವೈದ್ಯರು ಆಗಾಗ ಕೇಳುತ್ತಾರೆ. ಕಲಿಯುವ ಹಂಬಲವಿರುವ ವೈದ್ಯನಿಗೆ ಇದಕ್ಕಿಂತ ಒಳ್ಳೆಯ ಊರನ್ನು ನಾನು ಕಂಡಿಲ್ಲ. ಆದರೆ ಸ್ವಂತ ಕ್ಲಿನಿಕ್ಕನ್ನೇ ನಂಬಿ ಬದುಕಬೇಕಾದವರಿಗೆ ಮೊದಲ ಕೆಲವು ವರ್ಷಗಳು ಕಷ್ಟದವು. ಎರಡಕ್ಕೂ ಕಾರಣ ಒಂದೇ, ಇಲ್ಲಿನ ಆಸ್ಪತ್ರೆಗಳ ದಟ್ಟಣೆ.

ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯ ಇತಿಹಾಸ 1848ಕ್ಕೆ ಹೋಗುತ್ತದೆ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯದು 1880ಕ್ಕೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಆರಂಭದ ದಶಕದಿಂದಲೇ ರೋಗಿಗಳ ನಡುವೆ ಪಾಠ ಕಲಿತದ್ದು ಇದೇ ವೆನ್‌ಲಾಕ್‌ನಲ್ಲಿ. ಇಂದು ದೇರಳಕಟ್ಟೆಯೊಂದರಲ್ಲೇ ಒಂದಕ್ಕಿಂತ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ. ರಾತ್ರಿ ಒಂಬತ್ತಕ್ಕೆ ಎದೆನೋವೆಂದು ಬಂದವರ ಇಸಿಜಿಯಲ್ಲಿ ಅನುಮಾನ ಕಂಡರೆ, ಹೃದಯತಜ್ಞರಿಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ರೋಗಿಯನ್ನು ಆಟೋದಲ್ಲಾದರೂ ಆಸ್ಪತ್ರೆ ಮುಟ್ಟಿಸಬಹುದಾದ ಊರಿದು. ನನ್ನ ಹುಟ್ಟೂರಿನ ಆಸುಪಾಸಿನಲ್ಲಿ ಕೆಲಸ ಮಾಡುವ ಸಹಪಾಠಿಗಳಿಗೆ ಈ ನೆಮ್ಮದಿಯಿಲ್ಲ.

ಜ್ವರವನ್ನು ಓದಲು ಕಲಿಸಿದ್ದೂ ಈ ಊರೇ. ಮಲೇರಿಯಾ ಈಚಿನ ವರ್ಷಗಳಲ್ಲಿ ಬಹಳ ಇಳಿದಿದ್ದರೂ ಮಳೆಗಾಲದಲ್ಲಿ ಜ್ವರವೆಂದು ಬಂದವರ ರಕ್ತಲೇಪನ (ಗಾಜಿನ ಮೇಲೆ ರಕ್ತದ ಹನಿ ಹಚ್ಚಿ ಮಲೇರಿಯಾ ರೋಗಾಣು ಹುಡುಕುವ ಪರೀಕ್ಷೆ) ಮಾಡಿಸದೆ ಕಳುಹಿಸುವ ಧೈರ್ಯ ನನಗೆ ಇಂದಿಗೂ ಇಲ್ಲ. ಜೊತೆಗೆ ಡೆಂಗಿ ಇದೆ, ಗದ್ದೆ ತೋಟಗಳಿಂದ ಬರುವವರಲ್ಲಿ ಇಲಿಜ್ವರ ಇದೆ. ನಿರ್ಮಾಣ ಹಂತದ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದ, ಹೊರರಾಜ್ಯದ ಯುವಕನೊಬ್ಬ ವೈವಾಕ್ಸ್ ಮಲೇರಿಯಾದಿಂದ ಎರಡು ತಿಂಗಳೊಳಗೆ ಎರಡನೆಯ ಬಾರಿ ನಡುಗುತ್ತ ಬಂದ. ಮಾತ್ರೆ ತೆಗೆದುಕೊಂಡೆಯಾ ಎಂದಾಗ ಅಂಗಿಯ ಜೇಬಿನಿಂದ ಮಲೇರಿಯಾ ಮರುಕಳಿಸದಂತೆ ಕೊಡುವ ಪ್ರಿಮಾಕ್ವಿನ್ ಮಾತ್ರೆಯ ಮಡಚಿದ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಹದಿನಾಲ್ಕು ದಿನಗಳ ಮಾತ್ರೆಯಲ್ಲಿ ಹನ್ನೊಂದು ದಿನದವು ಹಾಗೆಯೇ ಉಳಿದಿದ್ದವು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತ್ತು, ಅವನು ಕೆಲಸಕ್ಕೆ ಹೋಗಿದ್ದ. ಪಿತ್ತಜನಕಾಂಗದಲ್ಲಿ ಅಡಗಿದ ರೋಗಾಣು ಮತ್ತೆ ಎದ್ದಿತ್ತು. ಅಂದಿನಿಂದ ಮದ್ದು ಬರೆದುಕೊಟ್ಟ ಮೇಲೆ ಮೇಸ್ತ್ರಿಯ ಫೋನ್ ನಂಬರನ್ನೂ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.

ಭಾಷೆಯ ವಿಷಯವನ್ನು ಯಾರೂ ಹಗುರವಾಗಿ ಕಾಣಬಾರದು. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಕಾಸರಗೋಡಿನಿಂದ ಬರುವವರ ಮಲಯಾಳಂ, ಎಲ್ಲವೂ ಒಂದೇ ಬೆಳಿಗ್ಗೆ ಕಿವಿಗೆ ಬೀಳುತ್ತವೆ. ಎಲ್ಲರೂ ಕನ್ನಡದಲ್ಲಿ ಉತ್ತರಿಸಬಲ್ಲರು, ನಿಜ. ಆದರೆ "ದಾದ ಆಂಡ್ ಅಮ್ಮಾ?" (ಏನಾಯಿತಮ್ಮಾ?) ಎಂದು ತುಳುವಿನಲ್ಲಿ ಕೇಳಿದ ದಿನ, ಮೂರು ಭೇಟಿಗಳಲ್ಲಿ "ಸ್ವಲ್ಪ ಹೊಟ್ಟೆ ನೋವು" ಎಂದಷ್ಟೇ ಹೇಳಿದ್ದ ಅಜ್ಜಿಯೊಬ್ಬರು ಬಂಜಿ ಬೇನೆಯಿಂದ (ಹೊಟ್ಟೆನೋವಿನಿಂದ) ಹಿಡಿದು ಮಗನ ಕುಡಿತದವರೆಗೆ ಎಲ್ಲವನ್ನೂ ಬಿಚ್ಚಿಟ್ಟರು. ಗಡಿಯಾಚೆಯವರಿಗೂ ಇದೇ ಹತ್ತಿರದ ದೊಡ್ಡ ಊರು. 2020ರ ಲಾಕ್‌ಡೌನ್‌ನಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ನನ್ನ ಹಳೆಯ ರೋಗಿಗಳು ಪಟ್ಟ ಪಾಡನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದಷ್ಟೇ ನನ್ನಿಂದಾಯಿತು.

ಇನ್ನು ಕಷ್ಟಗಳು. ತಲೆನೋವು ಬಂದರೆ ನೇರವಾಗಿ ನರರೋಗ ತಜ್ಞರ ಬಾಗಿಲಿಗೆ ಹೋಗುವ ರೂಢಿ ಇಲ್ಲಿದೆ, ಏಕೆಂದರೆ ತಜ್ಞರು ಅಷ್ಟು ಹತ್ತಿರದಲ್ಲಿದ್ದಾರೆ. ಹೊಸ ವೈದ್ಯನಿಗೆ ಕೈಗುಣವಿದೆ ಎಂಬ ಮಾತು ಓಣಿಯಲ್ಲಿ ಹರಡುವವರೆಗೆ ಕಾಯಬೇಕು; ನಾನು ಮೂರು ವರ್ಷ ಕಾದೆ. ಆ ದಿನಗಳಲ್ಲೇ ಒಂದು ಆಸ್ಪತ್ರೆಯ ಪ್ರತಿನಿಧಿ ಬಂದು, ಕಳುಹಿಸುವ ಪ್ರತಿ ರೋಗಿಗೂ ಇಂತಿಷ್ಟು ಎಂದು ಲಕೋಟೆ ಮುಂದಿಟ್ಟರು. 2002ರ ವೈದ್ಯಕೀಯ ನೀತಿ ನಿಯಮಾವಳಿ ಇಂಥ ಕಮಿಷನ್ನನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಬಾಡಿಗೆ ಬಾಕಿಯಿದ್ದ ತಿಂಗಳದು. ಲಕೋಟೆಯನ್ನು ಹಿಂದಿರುಗಿಸಿದೆ, ಮನೆಗೆ ಬಂದು ಹೆಂಡತಿಯೊಂದಿಗೆ ಬಹಳ ಹೊತ್ತು ಮಾತನಾಡಿದೆ.

ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬೆಂಗಳೂರಿನ ದಾರಿ ದೂರವಾಗುತ್ತದೆ, ಸೆಕೆಗೆ ಒಗ್ಗಲು ಒಂದು ವರ್ಷವಾದರೂ ಬೇಕು. ಇವು ಸಹಿಸಬಹುದಾದ ಸಂಗತಿಗಳು.

ಸಾಲ ಮಾಡಿ ನರ್ಸಿಂಗ್ ಹೋಂ ಕಟ್ಟುವ ಆಲೋಚನೆಯಿದ್ದವರಿಗೆ ಈ ಊರನ್ನು ನಾನು ಹೇಳಲಾರೆ. ಸಂಜೆ ಕ್ಲಿನಿಕ್, ಹಗಲು ಯಾವುದಾದರೂ ಕಾಲೇಜಿನಲ್ಲಿ ಪಾಠ ಎಂಬ ಹೊಂದಾಣಿಕೆ ಒಪ್ಪುವವರು ಧಾರಾಳವಾಗಿ ಬರಲಿ. ಆದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ಹಿರಿಯ ವೈದ್ಯರೊಬ್ಬರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಅವರು ಜ್ವರದವರನ್ನು ಹೇಗೆ ಮಾತನಾಡಿಸುತ್ತಾರೆಂದು ನೋಡಿ.