ಗೋಧಿ ಬಿಯರ್ ಕಿಟ್: ಸಾಮಾನು ಚೆನ್ನಾಗಿದೆ, ಸೂಚನೆ ಚೀಟಿ ಸಾಲದು

ಮನೆಯಲ್ಲೇ ಬಿಯರ್ ಮಾಡುವವರಿಗೆ ಒಂದು ಕಂಪನಿ ಮೂರು ಹಳೆಯ ಶೈಲಿಗಳ ಕಿಟ್ ಮಾರುತ್ತಿದೆ. ಬವೇರಿಯಾದ ಗೋಧಿ ಬಿಯರ್ ಹೆಫೆವೈಟ್ಸೆನ್, ಜರ್ಮನಿಯ ಕಲೋನ್ ನಗರದ ಕೋಲ್ಶ್, ಇಂಗ್ಲೆಂಡಿನ ಬಿಟರ್. ಮೂರನ್ನೂ ಮಾಡಿ ಕುಡಿದು ನೋಡಿದ್ದೇನೆ. ಸಾಮಾನಿನ ಬಗ್ಗೆ ದೂರಿಲ್ಲ. ಆದರೆ ಮೂರಕ್ಕೂ ಒಂದೇ ಸೂಚನೆ ಚೀಟಿ ಅಚ್ಚು ಹಾಕಿಸಿ, ಮೇಲೆ ಹೆಸರು ಮಾತ್ರ ಬದಲಾಯಿಸಿದ್ದಾರೆ. ನನ್ನ ತಕರಾರೆಲ್ಲ ಅದರ ಮೇಲೆಯೇ.

ಗೋಧಿ ಬಿಯರ್ ಕಿಟ್ ಬಗ್ಗೆ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮೂರರಲ್ಲಿ ಒಳ್ಳೆಯದು ಅದೇ, ಚೀಟಿಯಿಂದ ಹಾಳಾಗುವುದೂ ಅದೇ. 20 ಲೀಟರಿಗೆ ಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬರುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೋಧಿ ಮಾಲ್ಟ್. ಈ ಶೈಲಿಗೆ ಅಷ್ಟು ಇರಲೇಬೇಕು. ಕಾಳು ಹದವಾಗಿ ಒಡೆದಿದೆ, ಹಿಟ್ಟಾಗಿಲ್ಲ. ಬಾರ್ಲಿಯ ಹಾಗೆ ಗೋಧಿಗೆ ಹೊಟ್ಟು ಅಂಟಿಕೊಂಡಿರುವುದಿಲ್ಲ, ಅದಕ್ಕೇ ನೆನೆಸಿದಾಗ ಅಂಟಂಟಾಗಿ ರಸ ಇಳಿಯದೆ ನಿಂತುಬಿಡುತ್ತದೆ. ಕಿಟ್ ಜೊತೆ ಕೊಟ್ಟಿರುವ ಸಣ್ಣ ಕಣ್ಣಿನ ಬಟ್ಟೆ ಚೀಲದಲ್ಲಿ ಮಾಡಿದರೆ ಆ ತಲೆನೋವೇ ಇಲ್ಲ, ಎತ್ತಿ ಹಿಂಡಿದರೆ ಮುಗಿಯಿತು. ಕಹಿ ಕೊಡುವ ಹೂವು, ಅಂದರೆ ಹಾಪ್ಸ್, ಹಾಲರ್ಟಾವ್ ಮಿಟ್ಟೆಲ್‌ಫ್ರೂ, ಗಾಳಿಯಾಡದ ಪ್ಯಾಕಿನಲ್ಲಿ 20 ಗ್ರಾಂ. ಕಹಿ ಹಿಂದೆ ನಿಲ್ಲಬೇಕಾದ ಬಿಯರ್ ಇದು, ಅಷ್ಟೇ ಸಾಕು. ಯೀಸ್ಟ್ ಲಾಲ್‌ಬ್ರೂ ಮ್ಯೂನಿಕ್ ಕ್ಲಾಸಿಕ್. ಈ ಆಯ್ಕೆ ಮಾಡಿದವರಿಗೆ ಬಿಯರ್ ಗೊತ್ತು.

ಹಾಗಿದ್ದೂ ಚೀಟಿಯಲ್ಲಿ ಮಾಲ್ಟನ್ನು ನೇರವಾಗಿ 67 ಡಿಗ್ರಿ ನೀರಿಗೆ ಹಾಕಿ ಅಂತ ಬರೆದಿದ್ದಾರೆ. ಬಿಟರ್‌ಗೆ ಅದು ಸರಿ. ಹೆಫೆವೈಟ್ಸೆನ್‌ನ ಜೀವ ಇರುವುದು ಎರಡು ಪರಿಮಳದಲ್ಲಿ, ಬಾಳೆಹಣ್ಣು ಮತ್ತು ಲವಂಗ. ಬಾಳೆಹಣ್ಣಿನದನ್ನು ಯೀಸ್ಟ್ ತಾನೇ ಮಾಡಿಕೊಳ್ಳುತ್ತದೆ. ಲವಂಗದ್ದು ಹಾಗಲ್ಲ, ಅದಕ್ಕೆ ಧಾನ್ಯದಿಂದ ಫೆರುಲಿಕ್ ಆಮ್ಲ ಬಿಡುಗಡೆ ಆಗಬೇಕು, ಅದನ್ನು ಯೀಸ್ಟ್ ಲವಂಗದ ಘಮವಾಗಿ ಬದಲಾಯಿಸುತ್ತದೆ. ಆ ಆಮ್ಲ ಚೆನ್ನಾಗಿ ಬಿಡುವುದು 45 ಡಿಗ್ರಿ ಆಸುಪಾಸಿನಲ್ಲಿ. ಆದ್ದರಿಂದ ಮೊದಲು 45ರಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ಚೀಲ ತಳಕ್ಕೆ ಹತ್ತದಂತೆ ಸ್ವಲ್ಪ ಎತ್ತಿ ಹಿಡಿದು ಕಲಕುತ್ತಾ 67ಕ್ಕೆ ಏರಿಸಿ. ಚೀಟಿಯ ಪ್ರಕಾರ ಮಾಡಿದ ಬಿಯರ್ ಬರೀ ಬಾಳೆಹಣ್ಣು, ಸ್ವಲ್ಪ ಸಪ್ಪೆ. ಹೀಗೆ ಮಾಡಿದ್ದು ಬೇರೆಯೇ ಬಿಯರ್. ಎರಡು ಸಾಲು ಜಾಸ್ತಿ ಅಚ್ಚು ಹಾಕಿದ್ದರೆ ಕೊಂಡವರಿಗೆಲ್ಲ ಆ ರುಚಿ ಸಿಗುತ್ತಿತ್ತು ಅಲ್ವಾ?

ಹುದುಗುವ ಬಿಸಿಯ ವಿಷಯದಲ್ಲೂ ಇದೇ ಕಥೆ. ಮೂರೂ ಕಿಟ್‌ಗಳಿಗೆ '18ರಿಂದ 24 ಡಿಗ್ರಿ' ಅಂತ ಒಂದೇ ಮಾತು. ಈ ಯೀಸ್ಟ್ 17–18ರ ಹತ್ತಿರ ಇದ್ದರೆ ಲವಂಗ ಎದ್ದು ಕಾಣುತ್ತದೆ, 22ರ ಕಡೆ ಹೋದಂತೆ ಬಾಳೆಹಣ್ಣು ಮೇಲೆ ಬರುತ್ತದೆ. ಯಾವುದು ಬೇಕೋ ನೀವೇ ಆರಿಸಿಕೊಳ್ಳಬಹುದು. ಹುದುಗು ಜೋರಾಗಿದ್ದಾಗ ಒಳಗಿನ ರಸ ಕೋಣೆಗಿಂತ ಕೆಲವು ಡಿಗ್ರಿ ಬಿಸಿ ಇರುತ್ತದೆ, ಹಾಗಾಗಿ ಗೋಡೆಯ ಥರ್ಮಾಮೀಟರ್ ನೋಡದೆ ಹುದುಗುವ ಡಬ್ಬಕ್ಕೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ ನೋಡಿ. ಕೋಲ್ಶ್ ಅಂತೂ 15ರ ಆಸುಪಾಸಿನಲ್ಲಿ ನಿಧಾನವಾಗಿ ಹುದುಗಿ, ಆಮೇಲೆ ಸೊನ್ನೆಯ ಹತ್ತಿರದ ಚಳಿಯಲ್ಲಿ ಕೆಲವು ವಾರ ಕೂರಬೇಕು. ಚೀಟಿಯಲ್ಲಿ ಚಳಿಯ ಮಾತೇ ಇಲ್ಲ.

ಸಕ್ಕರೆ ಪ್ಯಾಕೆಟ್ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಬಾಟಲಿಯಲ್ಲಿ ಗ್ಯಾಸ್ ಬರಲು ಕೊನೆಗೆ ಹಾಕುವ ಸಕ್ಕರೆ ಅದು, ಮೂರಕ್ಕೂ ಲೆಕ್ಕ ಒಂದೇ, ಲೀಟರಿಗೆ 6 ಗ್ರಾಂ. ಗೋಧಿ ಬಿಯರ್ ನೊರೆ ಉಕ್ಕಿ ನಿಲ್ಲಬೇಕು, ಅದಕ್ಕೆ ಇದು ಕಡಿಮೆ. ಬಿಟರ್ ಮೆತ್ತಗಿರಬೇಕು, ಅದಕ್ಕೆ 3 ಗ್ರಾಂ ಸಾಕು, ಆರು ಹಾಕಿದರೆ ಸೋಡಾ ಕುಡಿದ ಹಾಗೆ ಮಾಲ್ಟಿನ ರುಚಿಯೇ ಹೋಗುತ್ತದೆ. ಗೋಧಿ ಬಿಯರ್‌ಗೆ ನಾನು 8 ಗ್ರಾಂ ಹಾಕುತ್ತೇನೆ, ಅದೂ ದಪ್ಪ ಗಾಜಿನ ಬಾಟಲಿಗೆ ಮಾತ್ರ. ತೆಳು ಬಾಟಲಿ ಒಡೆದು ಚೂರು ಸಿಡಿಯಬಹುದು. ಹೈಡ್ರೋಮೀಟರ್ (ರಸದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಸಾಧನ) ಎರಡು ಮೂರು ದಿನ ಒಂದೇ ಅಂಕಿ ತೋರಿಸುವ ತನಕ ಬಾಟಲಿಗೆ ತುಂಬಲೇಬೇಡಿ. ಈ ಎಚ್ಚರಿಕೆ ಚೀಟಿಯಲ್ಲಿ ಇಲ್ಲದಿರುವುದು ದೊಡ್ಡ ತಪ್ಪು.

ಇನ್ನೊಂದು ಮಾತು. ಗೋಧಿ ಬಿಯರ್ ಕಿಟ್ ಬರುವ ಡಬ್ಬದ ಮೇಲೆ '1516ರ ಶುದ್ಧತೆಯ ಕಾನೂನಿನಂತೆ' ಅಂತ ದೊಡ್ಡದಾಗಿ ಬರೆದಿದ್ದಾರೆ. ಬವೇರಿಯಾದ ಆ ಕಾನೂನು ಒಪ್ಪಿದ್ದು ಬಾರ್ಲಿ, ಹಾಪ್ಸ್, ನೀರು ಮಾತ್ರ. ಅದರಲ್ಲಿ ಗೋಧಿ ಎಲ್ಲಿದೆ? ಗೋಧಿ ಬಿಯರ್ ಮಾಡುವ ಹಕ್ಕು ಬಹುಕಾಲ ಅಲ್ಲಿನ ರಾಜಮನೆತನದ ಕೈಯಲ್ಲಿತ್ತು, 1872ರಲ್ಲಿ ಗೇಯಾರ್ಗ್ ಶ್ನೈಡರ್ ಆ ಹಕ್ಕು ಪಡೆದ ಮೇಲೆ ಈ ಶೈಲಿ ಮತ್ತೆ ಚಿಗುರಿತು. ಇಷ್ಟು ಒಳ್ಳೆಯ ಕಥೆ ಇರುವಾಗ ಸುಮ್ನೆ ಸುಳ್ಳು ಯಾಕೆ ಬರೆಯಬೇಕು?

ಗೋಧಿ ಬಿಯರ್ ಕಿಟ್ ಧೈರ್ಯವಾಗಿ ಕೊಳ್ಳಿ, ಐದಕ್ಕೆ ನಾಲ್ಕು ಕೊಡುತ್ತೇನೆ. ಜೊತೆಗೆ ಒಂದು ಚಿಕ್ಕ ತಕ್ಕಡಿ ಇರಲಿ, ಸಕ್ಕರೆಯನ್ನು ನೀವೇ ತೂಗಿ. ಬಿಟರ್‌ಗೆ ಮೂರು, ಮೊದಲ ಸಲ ಮಾಡುವವರಿಗೆ ಅದೇ ಸುಲಭ. ಹುದುಗುವ ಡಬ್ಬ ಹಿಡಿಸುವ ಫ್ರಿಜ್ ಇಲ್ಲದವರು ಕೋಲ್ಶ್ ಕಿಟ್ ಕೊಳ್ಳಬೇಡಿ.