ಬಾಬ್ ಮಾರ್ಲಿಯ ಲೈವ್ ಆಲ್ಬಮ್‌ಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?

ಜಮೈಕಾದ ರೆಗ್ಗೆ ಗಾಯಕ ಬಾಬ್ ಮಾರ್ಲಿಯ ತಂಡ 'ಬಾಬ್ ಮಾರ್ಲಿ ಅಂಡ್ ದಿ ವೇಲರ್ಸ್'ನ ಲೈವ್ ಆಲ್ಬಮ್ ಅಂತ ಹುಡುಕಿದರೆ ಸಾಲುಸಾಲಾಗಿ ಬರುತ್ತವೆ. ಮಾರ್ಲಿ ಬದುಕಿದ್ದಾಗ ಬಂದದ್ದು ಎರಡು ಮಾತ್ರ: 1975ರ 'ಲೈವ್!' ಮತ್ತು 1978ರ 'ಬ್ಯಾಬಿಲಾನ್ ಬೈ ಬಸ್'. ಉಳಿದವೆಲ್ಲ 1981ರ ಮೇ 11ರಂದು ಅವನು ತೀರಿಕೊಂಡ ಮೇಲೆ ಹೊರಬಂದವು. ಅವುಗಳಲ್ಲಿ ನನಗೆ ಮುಖ್ಯ ಅನಿಸಿದ್ದು 2003ರ 'ಲೈವ್ ಅಟ್ ದಿ ರಾಕ್ಸಿ' ಮತ್ತು 2011ರ 'ಲೈವ್ ಫಾರೆವರ್'. ಎರಡನೆಯದು ಅವನ ಕಟ್ಟಕಡೆಯ ಕಛೇರಿ. ಹಾಗಾಗಿ ಎಲ್ಲರೂ ಅದನ್ನೇ ಮೊದಲು ಕೇಳಿ ಅಂತಾರೆ. ನಾನು ಒಪ್ಪುವುದಿಲ್ಲ.

ಈ ನಾಲ್ಕನ್ನೂ ಒಂದೇ ಹೆಡ್‌ಫೋನ್‌ನಲ್ಲಿ, ನಡುವೆ ಹಾಡು ಹಾರಿಸದೆ, ಮೊದಲಿಂದ ಕೊನೆವರೆಗೆ ಕೇಳಿದೆ. ಆಮೇಲೆ ಒಂದೇ ಹಾಡನ್ನು ಬೇರೆ ಬೇರೆ ಆಲ್ಬಮ್‌ನಿಂದ ತೆಗೆದು ಬೆನ್ನುಬೆನ್ನಿಗೆ ಕೇಳಿದೆ. ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಆಗಲೇ.

'ಲೈವ್!' ರೆಕಾರ್ಡ್ ಆಗಿದ್ದು ಲಂಡನ್ನಿನ ಲೈಸಿಯಂ ಥಿಯೇಟರಿನಲ್ಲಿ, 1975ರ ಜುಲೈನಲ್ಲಿ. ಇರುವುದು ಏಳೇ ಹಾಡು. ಒಂದು ಎಲ್.ಪಿ.ಯಲ್ಲಿ, ಅಂದರೆ ಎರಡು ಮಗ್ಗುಲಿನ ಒಂದು ಗ್ರಾಮಫೋನ್ ತಟ್ಟೆಯಲ್ಲಿ, ಹಿಡಿಯುವಷ್ಟು ಆರಿಸಿ ಇಟ್ಟಿದ್ದಾರೆ, ಜೊಳ್ಳು ಒಂದೂ ಇಲ್ಲ. 'ನೋ ವುಮನ್ ನೋ ಕ್ರೈ' ಅಂದ ಕೂಡಲೇ ಜನರ ಕಿವಿಯಲ್ಲಿ ಮೊಳಗುವುದು ಇಲ್ಲಿನದೇ. ಸ್ಟುಡಿಯೋದಲ್ಲಿ ಮಾಡಿದ ಮೊದಲ ರೂಪ ಚುರುಕಾಗಿ, ಸ್ವಲ್ಪ ಆತುರದಲ್ಲಿ ಮುಗಿದುಹೋಗುತ್ತದೆ. ಲೈಸಿಯಂನಲ್ಲಿ ಅದನ್ನು ನಿಧಾನ ಮಾಡಿದರು. ಆರ್ಗನ್ ಶುರುವಾಗುತ್ತಿದ್ದ ಹಾಗೇ ಸಭೆ ಪಲ್ಲವಿ ಎತ್ತಿಕೊಳ್ಳುತ್ತದೆ. ಮಾರ್ಲಿ ಚರಣಕ್ಕೆ ಬರುವ ಮುಂಚೆಯೇ ಹಾಡು ಜನರದ್ದಾಗಿಬಿಟ್ಟಿರುತ್ತದೆ. ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಓಡಿದ್ದೂ ಈ ಲೈವ್ ರೂಪವೇ.

ಆದರೆ ಏಳೇ ಹಾಡು ಅನ್ನುವುದು ಇದರ ಮಿತಿ. ಇದು ಆಯ್ದು ಜೋಡಿಸಿದ್ದು, ಪೂರ್ತಿ ಸಂಜೆ ಅಲ್ಲ. ತಂಡ ಹೇಗೆ ಶುರು ಮಾಡುತ್ತದೆ, ಎಲ್ಲಿ ಬಿಸಿಯೇರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅನ್ನುವುದು ಇದರಲ್ಲಿ ಸಿಗುವುದಿಲ್ಲ.

ಅದು ಸಿಗುವುದು 'ರಾಕ್ಸಿ'ಯಲ್ಲಿ. 1976ರ ಮೇ 26, ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್. ಕೆಲವೇ ನೂರು ಜನ ಹಿಡಿಯುವ ಸಣ್ಣ ಜಾಗ. ಅವತ್ತಿನ ಕಛೇರಿ ರೇಡಿಯೋದಲ್ಲಿ ಬಂದಿತ್ತು. ಅಭಿಮಾನಿಗಳು ಅದರ ಕಳ್ಳ ಪ್ರತಿಗಳನ್ನು ವರ್ಷಗಟ್ಟಲೆ ಕೈಯಿಂದ ಕೈಗೆ ದಾಟಿಸಿಕೊಂಡರು. ಅಧಿಕೃತವಾಗಿ ಪೂರ್ತಿ ಹೊರಬರಲು 2003ರವರೆಗೆ ಕಾಯಬೇಕಾಯಿತು. ಇದರ ಧ್ವನಿ ನಾಲ್ಕರಲ್ಲೇ ಅತ್ಯಂತ ಸ್ವಚ್ಛ. ಆಸ್ಟನ್ 'ಫ್ಯಾಮಿಲಿ ಮ್ಯಾನ್' ಬ್ಯಾರೆಟ್ ನುಡಿಸುವ ಬೇಸ್ ಎದೆಗೆ ತಾಗುತ್ತದೆ, ಆದರೂ ಉಳಿದ ಯಾವ ವಾದ್ಯವನ್ನೂ ಮುಚ್ಚುವುದಿಲ್ಲ.

ಇಲ್ಲಿ ಆಸ್ಟನ್‌ನ ತಮ್ಮ ಕಾರ್ಲ್‌ಟನ್ ಬ್ಯಾರೆಟ್‌ನ ಡ್ರಮ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ರೆಗ್ಗೆಯ 'ಒನ್ ಡ್ರಾಪ್' ಅಂದರೆ ಏನು ಅಂತ ತಿಳಿಯಬೇಕಾದರೆ ಈ ಆಲ್ಬಮ್ಮಿನ 'ಬರ್ನಿನ್ ಅಂಡ್ ಲೂಟಿನ್' ಹಾಕಿ, ನಾಲ್ಕು ಎಣಿಸುತ್ತಾ ಕೇಳಿ. ನಮ್ಮ ಆದಿತಾಳದಲ್ಲಿ ಮೊದಲ ಪೆಟ್ಟು ಬಿದ್ದೇ ಬೀಳಬೇಕು ಅಲ್ವಾ, ಇಲ್ಲಿ ಒಂದನೇ ಎಣಿಕೆಗೆ ಡ್ರಮ್ಮೇ ಇಲ್ಲ. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವುದು ಮೂರಕ್ಕೆ. ಎರಡು ಮತ್ತು ನಾಲ್ಕಕ್ಕೆ ಗಿಟಾರ್ ಚಕ್ ಅಂತ ಕತ್ತರಿಸುತ್ತದೆ. ಆ ಖಾಲಿ ಜಾಗದಲ್ಲಿ ಬೇಸ್ ಓಡಾಡುತ್ತದೆ. ಹೀಗೆ ಎಣಿಸುತ್ತಾ ಕೇಳಿದರೆ, ಈ ಸಂಗೀತ ಸುಮ್ನೆ ತಲೆಯಾಡಿಸುವುದಕ್ಕೆ ಮಾಡಿದ್ದಲ್ಲ, ಎಷ್ಟು ಲೆಕ್ಕ ಇಟ್ಟು ಕಟ್ಟಿದ್ದು ಅನ್ನುವುದು ತಿಳಿಯುತ್ತದೆ.

'ರಾಕ್ಸಿ'ಯ ಕೊನೆಯಲ್ಲಿ 'ಗೆಟ್ ಅಪ್ ಸ್ಟ್ಯಾಂಡ್ ಅಪ್', 'ನೋ ಮೋರ್ ಟ್ರಬಲ್', 'ವಾರ್' ಮೂರೂ ಒಂದಕ್ಕೊಂದು ಹೆಣೆದುಕೊಂಡು ಸುಮಾರು 24 ನಿಮಿಷ ಹರಿಯುತ್ತವೆ. 'ವಾರ್' ಹಾಡಿನ ಸಾಹಿತ್ಯ ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣದಿಂದ ಬಂದದ್ದು. ಭಾಷಣದ ಮಾತಿಗೆ ರಾಗ ಕಟ್ಟುವುದು ಸುಲಭವಲ್ಲ. ಮಾರ್ಲಿ ಅದನ್ನು ಹಾಡುವುದಕ್ಕಿಂತ ಹೆಚ್ಚಾಗಿ ಸಾರುತ್ತಾನೆ. ಹಿಂದೆ ತಂಡ ಒಂದೇ ಲಯ ಹಿಡಿದು ಬಿಡದೆ ನಿಲ್ಲುತ್ತದೆ. ಇಷ್ಟು ಉದ್ದದ ಓಟವನ್ನು ಆ ಕಾಲದ ಒಂದು ಎಲ್.ಪಿ.ಗೆ ಹಾಕುವುದು ಸುಲಭವಾಗಿರಲಿಲ್ಲ. ಒಂದು ಮಗ್ಗುಲೇ ತುಂಬಿಹೋಗುತ್ತಿತ್ತು.

'ಬ್ಯಾಬಿಲಾನ್ ಬೈ ಬಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಹುಪಾಲು 1978ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ರೆಕಾರ್ಡ್ ಆದ ಜೋಡಿ ಆಲ್ಬಮ್. ಹೊಳಪು ಇದೆ, ಜೂನಿಯರ್ ಮಾರ್ವಿನ್‌ನ ಗಿಟಾರ್ ಇದೆ, 'ಎಕ್ಸೋಡಸ್' ಮತ್ತು 'ಜ್ಯಾಮಿಂಗ್' ಚೆನ್ನಾಗಿವೆ. ಆದರೆ ಎಲ್ಲವನ್ನೂ ತಿಕ್ಕಿ ತೊಳೆದ ಹಾಗಿದೆ. ಕಛೇರಿಯಲ್ಲಿ ಕೂತ ಅನುಭವ ನನಗೆ ಆಗಲಿಲ್ಲ.

ಈಗ 'ಲೈವ್ ಫಾರೆವರ್'. 1980ರ ಸೆಪ್ಟೆಂಬರ್ 23, ಅಮೆರಿಕದ ಪಿಟ್ಸ್‌ಬರ್ಗ್, ಸ್ಟ್ಯಾನ್ಲಿ ಥಿಯೇಟರ್. ಅದಕ್ಕೆ ಮುಂಚೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ರಾತ್ರಿ ಹಾಡಿದ್ದ. ಮಾರನೆಯ ದಿನ, ಅಂದರೆ 21ರಂದು, ಸೆಂಟ್ರಲ್ ಪಾರ್ಕ್‌ನಲ್ಲಿ ಓಡುತ್ತಿದ್ದಾಗ ಕುಸಿದುಬಿದ್ದ. 1977ರಲ್ಲಿ ಕಾಲ್ಬೆರಳಿನಲ್ಲಿ ಕಂಡ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಅಷ್ಟರಲ್ಲಿ ಮೈಯೆಲ್ಲ ಹರಡಿತ್ತು. ಅದಾಗಿ ಎರಡೇ ದಿನಕ್ಕೆ ಈ ಕಛೇರಿ. ಆಮೇಲೆ ಪ್ರವಾಸ ರದ್ದಾಯಿತು. ಎಂಟು ತಿಂಗಳೂ ತುಂಬುವ ಮೊದಲೇ ಮಯಾಮಿಯಲ್ಲಿ ತೀರಿಕೊಂಡ. ಆಗ ಅವನಿಗೆ 36 ವರ್ಷ.

ಇದೆಲ್ಲ ಗೊತ್ತಿದ್ದು ಕೇಳಿದರೆ ಪ್ರತಿ ಸಾಲಿನಲ್ಲೂ ನೋವು ಹುಡುಕಲು ಶುರು ಮಾಡುತ್ತೇವೆ. ದನಿ ಸ್ವಲ್ಪ ಒಡೆದರೆ, ಅಯ್ಯೋ ಅನಿಸುತ್ತದೆ. ಈ ಆಲ್ಬಮ್ಮನ್ನು ಮೊದಲು ಕೇಳಬೇಡಿ ಅನ್ನುವುದಕ್ಕೆ ಕಾರಣ ಇದೇ. ಬೇರೆ ರಾತ್ರಿಗಳಲ್ಲಿ ಅವನು ಹೇಗೆ ಹಾಡುತ್ತಿದ್ದ ಅಂತ ಗೊತ್ತಿಲ್ಲದವರಿಗೆ, ಇಲ್ಲಿ ಕೇಳುವ ಒರಟು ಕಾಯಿಲೆಯದೋ, ಹಾಡುಗಾರಿಕೆಯದೋ, ಟೇಪಿನದೋ ಅನ್ನುವುದು ತಿಳಿಯುವುದಿಲ್ಲ. 'ರಾಕ್ಸಿ' ಕೇಳಿ ಬಂದವರಿಗೆ ತಿಳಿಯುತ್ತದೆ: ಒರಟಿನ ಬಹುಪಾಲು ಟೇಪಿನದು. ಧ್ವನಿ ಮಂಕಾಗಿದೆ, ಜನರ ಸದ್ದು ದೂರದಿಂದ ಬರುತ್ತದೆ, ಕೊನೆಯ ಹಾಡುಗಳಿಗೆ ಬರುವಷ್ಟರಲ್ಲಿ ಇನ್ನೂ ಒರಟಾಗುತ್ತದೆ. ಹಾಡುವವನು ಮಾತ್ರ ಗಟ್ಟಿಯಾಗಿ ನಿಂತಿದ್ದಾನೆ.

ಮತ್ತು ಇದು ಪೂರ್ತಿ ಸಂಜೆ. 'ನ್ಯಾಚುರಲ್ ಮಿಸ್ಟಿಕ್' ಹಾಡಿನಿಂದ ಮೆಲ್ಲಗೆ ಶುರುವಾಗಿ 'ಗೆಟ್ ಅಪ್ ಸ್ಟ್ಯಾಂಡ್ ಅಪ್'ವರೆಗೆ. 'ಝಿಂಬಾಬ್ವೆ' ಹಾಡನ್ನು ಅವನು ಅದೇ ವರ್ಷದ ಏಪ್ರಿಲ್‌ನಲ್ಲಿ ಆ ದೇಶದ ಸ್ವಾತಂತ್ರ್ಯದ ಸಮಾರಂಭದಲ್ಲೇ ಹಾಡಿ ಬಂದಿದ್ದ. ಪಿಟ್ಸ್‌ಬರ್ಗ್‌ನಲ್ಲಿ ಅದು ಹೋರಾಟದ ಕರೆಯಂತಿಲ್ಲ, ಗೆದ್ದುಬಂದವರ ಹಾಡಿನಂತಿದೆ. 'ಅಪ್‌ರೈಸಿಂಗ್' ಆಲ್ಬಮ್ಮಿನ ಹೊಸ ಹಾಡುಗಳೂ ಇವೆ: 'ಝಯಾನ್ ಟ್ರೇನ್', 'ರಿಡೆಂಪ್ಷನ್ ಸಾಂಗ್', 'ಕುಡ್ ಯು ಬಿ ಲವ್ಡ್'. ಮೊದಲಿನ ಮೂರು ಆಲ್ಬಮ್‌ಗಳಲ್ಲಿ ಇವು ಇರಲು ಸಾಧ್ಯವೇ ಇರಲಿಲ್ಲ. ಕೊನೆಯದಕ್ಕೆ ಹಿಂದಿನ ಹಾಡು 'ವರ್ಕ್'. ಐದು ದಿನದಿಂದ ಒಂದು ದಿನದವರೆಗೆ ಇಳಿಯುತ್ತಾ ಎಣಿಸುವ ಹಾಡು ಅದು. ಕೆಲಸದ ಹಾಡಾಗಿಯೇ ಬರೆದದ್ದು. ತಂಡವೂ ಹಾಗೇ, ತಲೆ ಬಗ್ಗಿಸಿ ದುಡಿಯುವವರ ಹಾಗೆ ನುಡಿಸುತ್ತದೆ. ಇದು ನನಗೆ ತುಂಬಾ ಇಷ್ಟವಾಯಿತು.

ಒಂದೇ ಹಾಡನ್ನು ಪಕ್ಕಪಕ್ಕ ಇಟ್ಟು ಕೇಳಿದಾಗ ಕಂಡದ್ದು ಇಷ್ಟು. 'ಬರ್ನಿನ್ ಅಂಡ್ ಲೂಟಿನ್' ಲೈಸಿಯಂನಲ್ಲಿ ಸಿಟ್ಟಿನದು, ರಾಕ್ಸಿಯಲ್ಲಿ ಬಿಗಿಯಾದದ್ದು, ಪಿಟ್ಸ್‌ಬರ್ಗ್‌ನಲ್ಲಿ ದುಃಖದ್ದು. ನನ್ನ ಮತ ರಾಕ್ಸಿಗೆ. 'ನೋ ವುಮನ್ ನೋ ಕ್ರೈ' ವಿಷಯದಲ್ಲಿ ಲೈಸಿಯಂಗೆ ಸಾಟಿಯಿಲ್ಲ, ಉಳಿದೆರಡು ಅದರ ನೆರಳಿನಲ್ಲೇ ನಿಲ್ಲುತ್ತವೆ. 'ದೆಮ್ ಬೆಲ್ಲಿ ಫುಲ್' ಮಾತ್ರ ಪಿಟ್ಸ್‌ಬರ್ಗ್‌ನದೇ ಮೇಲು. ರೀಟಾ ಮಾರ್ಲಿ, ಜೂಡಿ ಮೊವಾಟ್, ಮಾರ್ಷಿಯಾ ಗ್ರಿಫಿತ್ಸ್ ಸೇರಿದ 'ಐ ತ್ರೀಸ್' ಹಿಮ್ಮೇಳ ಅಲ್ಲಿ ಅವನಿಗೆ ಆಸರೆಯಾಗಿ ನಿಲ್ಲುತ್ತದೆ. ವರ್ಷಗಟ್ಟಲೆ ಒಟ್ಟಿಗೆ ಹಾಡಿದವರಿಗೆ ಮಾತ್ರ ಹಾಗೆ ನಿಲ್ಲಲು ಬರುತ್ತದೆ.

ಹಾಗಾದರೆ ಯಾವುದು? ಒಂದೇ ಒಂದು ಕೇಳುತ್ತೇನೆ ಅನ್ನುವವರಿಗೆ 'ರಾಕ್ಸಿ'. ಮಾರ್ಲಿ ಅಂದರೆ ಟೀ ಶರ್ಟಿನ ಮೇಲಿನ ಚಿತ್ರ ಅಂತ ಮಾತ್ರ ಗೊತ್ತಿರುವ ಗೆಳೆಯರಿಗೆ ಕೊಡುವುದಾದರೆ 'ಲೈವ್!', ಚಿಕ್ಕದು, ಹಾಕಿದ ಕೂಡಲೇ ಹಿಡಿದುಕೊಳ್ಳುತ್ತದೆ. ಈ ಎರಡೂ ಕಿವಿಗೆ ಪಳಗಿದ ಮೇಲೆ 'ಲೈವ್ ಫಾರೆವರ್' ತೆಗೆಯಿರಿ. ಫೋನಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಬೇಸ್ ಪೂರ್ತಿ ಕಳೆದುಹೋಗುತ್ತದೆ. ಹೆಡ್‌ಫೋನ್ ಹಾಕಿ, ವಾಲ್ಯೂಮ್ ಸ್ವಲ್ಪ ಏರಿಸಿ, ಮೊದಲ ಸಲ ಮಾರ್ಲಿಯ ದನಿಯನ್ನು ಬಿಟ್ಟು ಬ್ಯಾರೆಟ್ ಅಣ್ಣತಮ್ಮಂದಿರನ್ನು ಮಾತ್ರ ಹಿಂಬಾಲಿಸಿ.