ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ, ನಾಲ್ಕನೇ ತಲೆಮಾರು: ಎಂಜಿನ್ ಹಾಗಿರಲಿ, ಮೊದಲು ತಳ ನೋಡಿ

ಈ ಸಿಟಿ ಭಾರತಕ್ಕೆ ಬಂದಿದ್ದು 2014ರ ಜನವರಿಯಲ್ಲಿ. 2017ರ ಫೆಬ್ರವರಿಯಲ್ಲಿ ಫೇಸ್‌ಲಿಫ್ಟ್ ಆಯ್ತು. 2020ರ ಜುಲೈನಲ್ಲಿ ಐದನೇ ತಲೆಮಾರು ಬಂದ ಮೇಲೂ ಒಂದೆರಡು ವೇರಿಯಂಟ್‌ಗಳಲ್ಲಿ 2023ರವರೆಗೆ ಶೋರೂಮಿನಲ್ಲೇ ಇತ್ತು. ಹಾಗಾಗಿ ಸೆಕೆಂಡ್ಸ್ ಮಾರುಕಟ್ಟೆಯಲ್ಲಿ ಇದಕ್ಕೆ ಬರಗಾಲವಿಲ್ಲ. ಹೊಸ ಸೆಡಾನ್ ಕಡೆ ನೋಡಿದರೆ ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸೇ ಶೇ. 17, ಅದರ ಮೇಲೆ ಸೆಸ್. ಆ ದುಡ್ಡು ಮೊದಲ ಮಾಲೀಕ ಕಟ್ಟಿಯಾಗಿರುವ ಗಾಡಿ ಕೊಳ್ಳೋದರಲ್ಲಿ ಅರ್ಥವಿದೆ.

ತೀರ್ಪು ಮೊದಲೇ ಹೇಳಿಬಿಡೋಣ. ಪೆಟ್ರೋಲ್ ಮ್ಯಾನ್ಯುವಲ್ ಆದರೆ ಕಣ್ಣುಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ಕೊಳ್ಳಬಹುದು. ಸಿವಿಟಿ (ಇದರ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಆದರೆ ಗೇರ್ ಆಯಿಲ್ ಬದಲಿಸಿದ ಬಿಲ್ ಕೈಗೆ ಬಂದ ಮೇಲೆ ಮಾತ್ರ. ಡೀಸೆಲ್ ವಾರವಾರ ಹುಬ್ಬಳ್ಳಿ-ಬೆಂಗಳೂರು ಓಡಾಡುವವರಿಗೆ ಸರಿ, ಉಳಿದವರಿಗೆ ಬೇಡ: ಸದ್ದು ಜಾಸ್ತಿ, ಕೆಟ್ಟರೆ ಖರ್ಚೂ ಜಾಸ್ತಿ.

ಪೆಟ್ರೋಲ್ ಎಂಜಿನ್ 1497 ಸಿಸಿಯ ಐ-ವಿಟೆಕ್, 119 ಪಿಎಸ್, 145 ನ್ಯೂಟನ್ ಮೀಟರ್. ಟೈಮಿಂಗ್ ಚೈನ್ ಇರೋದರಿಂದ ಬೆಲ್ಟ್ ಬದಲಿಸುವ ತಲೆನೋವಿಲ್ಲ. ಹತ್ತು ಸಾವಿರ ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, 0ಡಬ್ಲ್ಯು-20 ಆಯಿಲ್ ಸುಮಾರು ಮೂರೂವರೆ ಲೀಟರ್ ಮತ್ತು ಫಿಲ್ಟರ್ ಬದಲಿಸುತ್ತಾ ಹೋದರೆ ಈ ಎಂಜಿನ್ ಎರಡು ಲಕ್ಷ ಕಿ.ಮೀ. ಓಡಿದರೂ ಬಿಚ್ಚುವ ಪ್ರಸಂಗ ಅಪರೂಪ. ಸ್ಪಾರ್ಕ್ ಪ್ಲಗ್ ಇರಿಡಿಯಂ, ಲಕ್ಷ ಕಿ.ಮೀ. ಬಾಳಿಕೆಯದ್ದು. ಪ್ರತಿ ಸರ್ವಿಸ್‌ನಲ್ಲೂ ಪ್ಲಗ್ ಬದಲಿಸಿ ಅನ್ನುವ ಅಡ್ವೈಸರ್‌ಗೆ ನಮಸ್ಕಾರ ಹೇಳಿ ಬನ್ನಿ.

ಯಾರೂ ಮಾಡಿಸದ ಒಂದು ಕೆಲಸವಿದೆ: ಟ್ಯಾಪೆಟ್ ಸೆಟ್ಟಿಂಗ್. ಈ ಎಂಜಿನ್‌ನಲ್ಲಿ ವಾಲ್ವ್ ಅಂತರ ತಾನಾಗಿ ಸರಿಹೊಂದೋದಿಲ್ಲ, ಸ್ಕ್ರೂ ತಿರುಗಿಸಿ ಫೀಲರ್ ಗೇಜ್‌ನಲ್ಲಿ ಅಳೆದೇ ಹೊಂದಿಸಬೇಕು, ಅದೂ ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಅಂತರ ಜಾಸ್ತಿಯಾಗಿದೆ ಅಂತ, ಅಂಥ ಅಪಾಯವೇನಿಲ್ಲ. ಸದ್ದೇ ಮಾಡದೆ ಅಂತರ ಕಡಿಮೆಯಾಗುತ್ತಾ ಹೋದರೆ ಅದು ಕೆಟ್ಟದ್ದು. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಬಿಸಿ ಹೊರಹಾಕಲಾಗದೆ ಸುಟ್ಟುಹೋಗುತ್ತೆ. ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಇದು ಬೇಗ ಆಗುತ್ತೆ. ಮಾರುವ ಮುಂಚೆ ಕಿಟ್ ತೆಗೆಸಿರುತ್ತಾರೆ. ಡಿಕ್ಕಿಯ ಮ್ಯಾಟ್ ಎತ್ತಿ ಸಿಲಿಂಡರ್ ಕ್ಲಾಂಪ್‌ನ ಬೋಲ್ಟ್ ತೂತುಗಳಿವೆಯಾ ನೋಡಿ, ಆರ್‌ಸಿಯಲ್ಲಿ ಇಂಧನದ ಕಾಲಂ ಓದಿ. ಎರಡರಲ್ಲಿ ಯಾವುದರಲ್ಲಿ ಸುಳಿವು ಸಿಕ್ಕರೂ ಆ ಗಾಡಿ ಬಿಟ್ಟುಬಿಡಿ.

ಗಾಡಿಯ ಫ್ಯುಯೆಲ್ ಪಂಪ್ ವಿಷಯಕ್ಕೆ ಕಂಪನಿ 2020, 2021 ಮತ್ತು 2024ರಲ್ಲಿ ರೀಕಾಲ್ ಘೋಷಿಸಿತ್ತು. ಟ್ಯಾಂಕಿನೊಳಗಿನ ಪಂಪ್‌ನ ಇಂಪೆಲ್ಲರ್ ದೋಷದಿಂದ ಗಾಡಿ ಸ್ಟಾರ್ಟ್ ಆಗದೆ ಇರಬಹುದು, ಓಡುತ್ತಾ ನಿಲ್ಲಲೂಬಹುದು. ಬದಲಿಸಿಕೊಡೋದು ಉಚಿತ, ಮಾಲೀಕರು ಬದಲಾಗಿದ್ದರೂ ಅಡ್ಡಿಯಿಲ್ಲ. ಕಂಪನಿಯ ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ ಅಂತ ಗೊತ್ತಾಗುತ್ತೆ. ಅಡ್ವಾನ್ಸ್ ಕೊಡೋ ಮುಂಚೆ ಮಾಡಬೇಕಾದ ಎರಡು ನಿಮಿಷದ ಕೆಲಸ ಇದು.

ಸಿವಿಟಿಗೆ ಬರೋಣ. ಪಟ್ಟಣದಲ್ಲಿ ಇದರಷ್ಟು ನಯವಾದ ಗೇರ್‌ಬಾಕ್ಸ್ ಈ ಬೆಲೆಯಲ್ಲಿ ಕಷ್ಟ. ಆದರೆ ಒಳಗೆ ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಕಚ್ಚಿಕೊಂಡು ಓಡುತ್ತೆ, ಆ ಹಿಡಿತ ನಿಂತಿರೋದೇ ಆಯಿಲ್ ಮೇಲೆ. ಇದಕ್ಕೆ ಬೇಕಿರೋದು ಎಚ್‌ಸಿಎಫ್-2 ಅನ್ನುವ ಆಯಿಲ್ ಒಂದೇ. ಮಾಮೂಲಿ ಎಟಿಎಫ್ (ಬೇರೆ ಆಟೊಮ್ಯಾಟಿಕ್‌ಗಳ ಗೇರ್ ಆಯಿಲ್) ಹಾಕಿದರೆ ಬೆಲ್ಟ್ ಜಾರುತ್ತೆ, ಆಮೇಲೆ ರಿಪೇರಿ ಅಲ್ಲ, ಗೇರ್‌ಬಾಕ್ಸೇ ಬದಲಿ. ನಲವತ್ತು ಸಾವಿರ ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದು. ಒಂದು ಸಲ ಡ್ರೈನ್ ಮಾಡಿದರೆ ಪೂರ್ತಿ ಹೊಸದಾಗೋದಿಲ್ಲ, ಟಾರ್ಕ್ ಕನ್ವರ್ಟರ್‌ನಲ್ಲಿ ಹಳೆಯದು ಉಳಿದಿರುತ್ತೆ. ಹಿಂದಿನವರು ಬಹಳ ತಡ ಮಾಡಿದ್ದರೆ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಪರೀಕ್ಷೆ ಹೀಗೆ: ಬೆಳಗ್ಗೆ ತಣ್ಣನೆಯ ಎಂಜಿನ್‌ನಲ್ಲಿ ಸ್ಟಾರ್ಟ್ ಮಾಡಿ, ಬ್ರೇಕ್ ಹಿಡಿದು ಡಿಗೆ ಹಾಕಿ, ಆಮೇಲೆ ಆರ್‌ಗೆ. ಹಿಡಿಯೋಕೆ ತಡವಾದರೆ ಅಥವಾ ಧಡ್ ಅಂತ ಹಿಡಿದರೆ ಸಂಶಯಪಡಿ. ಬಿಸಿಯಾದ ಮೇಲೆ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ನಿಲ್ಲಿಸಿ ನಿಧಾನವಾಗಿ ಹತ್ತಿಸಿ. ಮೈ ನಡುಗಿದಂತೆ ಅದುರಿದರೆ ಆಯಿಲ್ ಸತ್ತಿದೆ ಅಥವಾ ಅದಕ್ಕೂ ಹೆಚ್ಚಿನದೇ ಆಗಿದೆ. ಹೇಗಾದರೂ ಬೆಲೆ ಇಳಿಯಬೇಕು.

ಇನ್ನು ನಿಜವಾಗಿ ದುಡ್ಡು ತಿನ್ನುವ ಜಾಗ. ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಅದು ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತು, 510 ಲೀಟರ್ ಡಿಕ್ಕಿ ತುಂಬಿಸಿ ಊರಿಗೆ ಹೊರಟರೆ ಹಿಂಭಾಗ ಕುಗ್ಗಿ, ನಮ್ಮ ಹಳ್ಳಿ ರಸ್ತೆಗಳ ಚೂಪು ಹಂಪ್‌ಗಳು ತಳ ಉಜ್ಜದೆ ಬಿಡೋದಿಲ್ಲ. ಹಂಪನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸೋದು ಇದನ್ನು ಓಡಿಸುವವರಿಗೆಲ್ಲ ತಾನಾಗೇ ಅಭ್ಯಾಸವಾಗುತ್ತೆ. ಕೊಳ್ಳುವಾಗ ಗಾಡಿಯನ್ನು ಲಿಫ್ಟ್ ಮೇಲೆ ಏರಿಸದೆ ಮಾತು ಮುಗಿಸಬೇಡಿ. ಆಯಿಲ್ ಸಂಪ್‌ಗೆ ಪೆಟ್ಟು ಬಿದ್ದಿದೆಯಾ, ಎಕ್ಸಾಸ್ಟ್ ಪೈಪ್ ಚಪ್ಪಟೆಯಾಗಿದೆಯಾ, ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಇದೆಯಾ ಅಥವಾ ಕೇಬಲ್ ಟೈ ಕಟ್ಟಿ ನೇತುಹಾಕಿದ್ದಾರಾ, ಎಲ್ಲ ಅಲ್ಲೇ ಕಾಣುತ್ತೆ. ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಸಬ್‌ಫ್ರೇಮ್ ಮತ್ತು ಹಿಂದಿನ ಬೀಮ್‌ನ ತುಕ್ಕನ್ನು ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಉದುರಿದರೆ ಪರವಾಗಿಲ್ಲ, ಪದರ ಏಳುತ್ತಿದ್ದರೆ ಬೇಡ.

ಮುಂದಿನ ಸಸ್ಪೆನ್ಷನ್‌ನಲ್ಲಿ ಮೊದಲು ಹೋಗೋದು ಲಿಂಕ್ ರಾಡ್, ಆಮೇಲೆ ಲೋವರ್ ಆರ್ಮ್ ಬುಷ್, ಆಮೇಲೆ ಸ್ಟ್ರಟ್ ಮೌಂಟ್. ಬೆಂಗಳೂರಿನ ಗುಂಡಿಗಳಲ್ಲಿ ಐವತ್ತು ಅರವತ್ತು ಸಾವಿರ ಕಿ.ಮೀ. ಹೊತ್ತಿಗೆ ಈ ಮೂರರಲ್ಲಿ ಒಂದಾದರೂ ಬಂದಿರುತ್ತೆ. ಎಸಿ, ಸ್ಟೀರಿಯೋ ಆರಿಸಿ, ಕಿಟಕಿ ಇಳಿಸಿ, ಕಾಂಪೌಂಡ್ ಪಕ್ಕದಲ್ಲಿ ಹತ್ತು ಕಿ.ಮೀ. ವೇಗದಲ್ಲಿ ಒಡಕು ರಸ್ತೆ ಮೇಲೆ ಓಡಿಸಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದಿನಲ್ಲಿ ಟಕ್ ಟಕ್ ಅನ್ನೋದು ಲಿಂಕ್ ರಾಡ್. ಬ್ರೇಕ್ ಒತ್ತಿದಾಗ ಮಾತ್ರ ಒಮ್ಮೆ ಡಬ್ ಅಂದರೆ ಲೋವರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಂಯ್ ಅಂದರೆ ಮೇಲಿನ ಮೌಂಟ್. ಲಿಂಕ್ ರಾಡ್ ಅಗ್ಗ, ಉಳಿದೆರಡಕ್ಕೆ ಕೂಲಿಯೂ ಸೇರಿ ಜೇಬು ಹಗುರವಾಗುತ್ತೆ. ಶಾಕ್ ಅಬ್ಸಾರ್ಬರ್ ಆಯಿಲ್ ಸೋರಿದ್ದರೆ ಒಂದನ್ನೇ ಹಾಕಿಸಬೇಡಿ, ಜೋಡಿಯಾಗಿ ಬದಲಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಹಿಂದೆ ಕುಗ್ಗದಿರಲಿ ಅಂತ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕುವ ಅಂಗಡಿಗಳು ಬೇಕಾದಷ್ಟಿವೆ. ಹಾಕಿಸಿದರೆ ಎತ್ತರ ನಿಜವಾಗಿ ಸಿಗುತ್ತೆ, ಆದರೆ ಖಾಲಿ ಗಾಡಿಯಲ್ಲಿ ಹಿಂದೆ ಕೂತವರ ಸೊಂಟಕ್ಕೆ ಏಟು. ಅದಕ್ಕಿಂತ ಟೈರ್ ಬದಲಿಸುವಾಗ ಯೋಚಿಸಿ. 15 ಇಂಚಿನ ಗಾಡಿಗೆ ಕಂಪನಿ ಕೊಟ್ಟ 175/65 ಆರ್15 ತೀರಾ ಸಣಕಲು, ಮಳೆಯಲ್ಲಿ ಹಿಡಿತ ಸಾಲದು. ಅದೇ ರಿಮ್‌ಗೆ 185/65 ಆರ್15 ಹಾಕಿಸಿದರೆ ಗಾಡಿ ಆರೂವರೆ ಮಿ.ಮೀ. ಮೇಲೇಳುತ್ತೆ, ಗುಂಡಿಯ ಏಟೂ ಸ್ವಲ್ಪ ಮೆತ್ತಗಾಗುತ್ತೆ. ಚಕ್ರ ದೊಡ್ಡದಾದ್ದರಿಂದ ಸ್ಪೀಡೋಮೀಟರ್ ಮೊದಲಿಗಿಂತ ಶೇ. 2ರಷ್ಟು ಕಡಿಮೆ ತೋರಿಸುತ್ತೆ, ಅಷ್ಟೇ. ಟೈರ್ ಅಳತೆ ಬದಲಿಸುವ ಮುಂಚೆ ಇನ್ಶೂರೆನ್ಸ್‌ನವರನ್ನು ಒಂದು ಮಾತು ಕೇಳಿಕೊಳ್ಳಿ. 16 ಇಂಚಿನ 185/55 ಇರುವ ಮೇಲಿನ ವೇರಿಯಂಟ್ ನೋಡೋಕೆ ಚಂದ, ಟೈರ್‌ನ ಗೋಡೆ ಕಿರಿದು. ರಿಮ್ ಅಂಚು ಸೊಟ್ಟಗಾಗಿದೆಯಾ ಅಂತ ಒಳಗಡೆಯಿಂದ ನೋಡಬೇಕು, ಹೊರಗಿನಿಂದ ಕಾಣೋದಿಲ್ಲ.

ಒಳಗೆ ಜಾಗದ ಬಗ್ಗೆ ದೂರೇ ಇಲ್ಲ. ಹಿಂದಿನ ಸೀಟಿನಲ್ಲಿ ಆರಡಿ ಆಸಾಮಿ ಮುಂದೆ ಇನ್ನೊಬ್ಬ ಆರಡಿಯವನನ್ನು ಕೂರಿಸಿಕೊಂಡೂ ಕಾಲು ಚಾಚಬಹುದು. ಬಾಗಿಲು ಮುಚ್ಚುವ ಸದ್ದು ಮಾತ್ರ ತಗಡಿನ ಡಬ್ಬದ್ದೇ. ಹೆದ್ದಾರಿಯಲ್ಲಿ ಟೈರ್ ಸದ್ದು ಧಾರಾಳವಾಗಿ ಒಳಗೆ ಬರುತ್ತೆ, ಅದು ಈ ಗಾಡಿಯ ಹುಟ್ಟುಗುಣ. ಎಸಿ ಗಟ್ಟಿಗ. ಬಿಸಿಲಲ್ಲಿ ನಿಲ್ಲಿಸಿ ಹದಿನೈದು ನಿಮಿಷ ಐಡಲ್‌ನಲ್ಲಿ ಓಡಿಸಿದಾಗ ಗಾಳಿ ಬೆಚ್ಚಗಾಗುತ್ತಾ ಬಂದರೆ ಕಂಡೆನ್ಸರ್ ಫ್ಯಾನ್ ಅಥವಾ ಗ್ಯಾಸ್ ನೋಡಿಸಿ. ಕೂಲಿಂಗ್ ಕಾಯಿಲ್ ಸೋರುತ್ತಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ, ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡ್ ಆಮೇಲೆ ಕಿರಗುಟ್ಟದೆ ಇರೋದು ಮೆಕ್ಯಾನಿಕ್‌ನ ಕೈಗುಣ. ಕ್ಯಾಬಿನ್ ಫಿಲ್ಟರ್ ಗ್ಲೋವ್ ಬಾಕ್ಸ್ ಹಿಂದೆ ಇದೆ: ಬಾಕ್ಸ್‌ನ ಎರಡೂ ಪಕ್ಕ ಒಳಕ್ಕೆ ಒತ್ತಿ ಇಳಿಸಿದರೆ ಫಿಲ್ಟರ್ ಟ್ರೇ ಕೈಗೆ ಬರುತ್ತೆ. ಐದು ನಿಮಿಷದ ಈ ಕೆಲಸಕ್ಕೆ ಸರ್ವಿಸ್ ಸೆಂಟರ್‌ಗೆ ಕೂಲಿ ಕೊಡಬೇಕಿಲ್ಲ. ಸನ್‌ರೂಫ್ ಇದ್ದರೆ ಮೂಲೆಗಳ ಡ್ರೈನ್ ಪೈಪ್ ಕಸ ಕಟ್ಟಿಕೊಂಡು ನೀರು ಕಾಲಡಿಗೆ ಇಳಿಯುತ್ತೆ. ಛಾವಣಿ ಬಟ್ಟೆಯ ಅಂಚಿನಲ್ಲಿ ಕಂದು ಕಲೆ ಇದೆಯಾ ನೋಡಿ.

ಮೈಲೇಜ್: ಕಾಗದದ ಮೇಲೆ ಮ್ಯಾನ್ಯುವಲ್‌ಗೆ 17.8, ಸಿವಿಟಿಗೆ 18. ಬೆಂಗಳೂರಿನ ಟ್ರಾಫಿಕ್‌ನಲ್ಲಿ 10ರಿಂದ 12, ಹೆದ್ದಾರಿಯಲ್ಲಿ ನೂರರ ಒಳಗೆ ಹೋದರೆ 16ರಿಂದ 18. ಟ್ಯಾಂಕ್ 40 ಲೀಟರ್ ಮಾತ್ರ, ದೂರ ಹೋಗುವವರು ನೆನಪಿಟ್ಟುಕೊಳ್ಳಬೇಕು.

ಅಪಘಾತದ ಗಾಡಿ ಪತ್ತೆಗೆ ಬಣ್ಣ ನೋಡೋದಕ್ಕಿಂತ ಬೋಲ್ಟ್ ನೋಡಿ. ಬಾನೆಟ್ ಹಿಂಜ್ ಮತ್ತು ಫೆಂಡರ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತಿದ್ದರೆ ಬಿಚ್ಚಿದ್ದಾರೆ ಅಂತಲೇ ಅರ್ಥ. ಬಂಪರ್, ಫೆಂಡರ್ ಟಿಂಕರಿಂಗ್ ಆಗಿದ್ದರೆ ತಲೆಕೆಡಿಸಿಕೊಳ್ಳಬೇಡಿ, ನಮ್ಮ ಊರಲ್ಲಿ ಆಗದ ಗಾಡಿಯೇ ಇಲ್ಲ. ಏಪ್ರನ್ (ಎಂಜಿನ್ ಅಕ್ಕಪಕ್ಕದ ಒಳತಗಡು), ಪಿಲ್ಲರ್ (ಛಾವಣಿ ಹೊತ್ತ ಕಂಬ), ಸ್ಟೆಪ್ನಿ ಇಡುವ ಗುಂಡಿಯ ಬೆಸುಗೆ ಬದಲಾಗಿದ್ದರೆ ಎದ್ದು ಬನ್ನಿ. ಗಾಜುಗಳ ಮೂಲೆಯಲ್ಲಿನ ತಯಾರಿಕೆಯ ವರ್ಷ ಒಂದಕ್ಕೊಂದು ಹೊಂದಬೇಕು. ನೀರಲ್ಲಿ ಮುಳುಗಿದ ಗಾಡಿಗೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಬುಡದಲ್ಲಿ ಕೆಸರಿನ ಗೆರೆ ತೊಳೆಯೋಕೆ ಯಾರಿಗೂ ನೆನಪಿರಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿದ್ದ, 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಸುತ್ತಮುತ್ತ ಇದ್ದ ಗಾಡಿಯಾದರೆ ಆ ತಿಂಗಳುಗಳ ಕ್ಲೇಮ್ ಇತಿಹಾಸ ಕೇಳಿ. ಮೀಟರ್ ತಿರುಗಿಸಿದ್ದಾರಾ ಅನ್ನೋದಕ್ಕೆ ಸರ್ವಿಸ್ ಸೆಂಟರ್ ದಾಖಲೆ ತರಿಸಿ. ಜೊತೆಗೆ ಬ್ರೇಕ್ ಪೆಡಲ್ ರಬ್ಬರ್ ನೋಡಿ. ಮೂವತ್ತು ಸಾವಿರ ಕಿ.ಮೀ. ಅಂತ ತೋರಿಸುವ ಗಾಡಿಯ ಪೆಡಲ್ ನುಣ್ಣಗೆ ಸವೆದಿರಬಾರದು.

ಇದೇ ದುಡ್ಡಿಗೆ ಮಾರುತಿ ಸಿಯಾಜ್ ಸಿಗುತ್ತೆ. ಬಿಡಿಭಾಗ ಅಗ್ಗ, ಗ್ಯಾರೇಜ್ ಊರೂರಲ್ಲಿ, ಸಸ್ಪೆನ್ಷನ್ ಮೆತ್ತಗೆ. 2018ರ ಆಗಸ್ಟ್ ನಂತರದ 1.5 ಲೀಟರ್ ಎಂಜಿನ್‌ನದ್ದನ್ನೇ ನೋಡಿ. ತಾಲ್ಲೂಕು ಕೇಂದ್ರದಲ್ಲಿ ಇರುವವರಿಗೆ ಸಿಟಿಗಿಂತ ಅದೇ ವಾಸಿ ಅಂತ ಹೇಳೋಕೆ ಹಿಂಜರಿಕೆಯಿಲ್ಲ. ಆದರೆ ಅದರ ನಾಲ್ಕು ಗೇರಿನ ಆಟೊಮ್ಯಾಟಿಕ್ ಹಳೇ ಕಾಲದ್ದು. ಆಟೊಮ್ಯಾಟಿಕ್ಕೇ ಬೇಕು ಅನ್ನುವವರಿಗೆ ಸಿಟಿ ಸಿವಿಟಿ. ಏರ್‌ಬ್ಯಾಗ್ ಲೆಕ್ಕದಲ್ಲಿ 2017ರ ಫೇಸ್‌ಲಿಫ್ಟ್ ನಂತರದ ಸಿಟಿ ಹುಡುಕಿ: ಮುಂದೆ ಎರಡು ಎಲ್ಲದರಲ್ಲೂ ಇವೆ, ಎಲ್ಲಕ್ಕಿಂತ ಮೇಲಿನ ಜ಼ಡ್‌ಎಕ್ಸ್ ವೇರಿಯಂಟ್‌ನಲ್ಲಿ ಆರು.

ಕಾಗದಪತ್ರ. ದೆಹಲಿಯಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿ ಹೇರಿದ್ದರಿಂದ ಡಿಎಲ್ ನಂಬರಿನ ಸಿಟಿಗಳು ಅಗ್ಗವಾಗಿ ಕಾಣುತ್ತವೆ. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಪಡೆಯಬೇಕು. ಎಲ್ಲ ಕೂಡಿಸಿದರೆ ಅಗ್ಗ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ. ಕೆಎ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳೋಕೆ ಫಾರಂ 29 ಮತ್ತು 30 ಸಾಕು, ಸಾಲ ಇದ್ದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಪೂರ್ತಿ ಹಣ ಕೊಡುವ ಮುಂಚೆ ಆರ್‌ಸಿಯಲ್ಲಿ ಹೈಪೋಥಿಕೇಶನ್ (ಬ್ಯಾಂಕ್ ಸಾಲದ ನಮೂದು) ತೆಗೆದಿರೋದನ್ನು ಆನ್‌ಲೈನ್‌ನಲ್ಲಿ ನೀವೇ ನೋಡಿ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ಪೊಲೀಸರ ಸೈಟಿನಲ್ಲಿ ಬೇರೆಯಾಗಿ ನೋಡಬೇಕು. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಿ. ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರೋದಿಲ್ಲ, ಅದು ಹಳೇ ಮಾಲೀಕರದ್ದು; ಹಾಗಾಗಿ ವರ್ಗಾವಣೆ ಮಾಡಿಸುವಾಗ ವ್ಯತ್ಯಾಸದ ಹಣ ಕೇಳುತ್ತಾರೆ, ಅದನ್ನೂ ಬೆಲೆಯ ಮಾತುಕತೆಯಲ್ಲೇ ಸೇರಿಸಿ.